ಮೂಲೆಯ ಮೀನಿಗೆ ಕಾಯಿಲೆಯೇ?

ಪ್ರಶ್ನೆ: ನಮ್ಮ ಗಾಜಿನ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್ ಫಿಶ್ ಇವೆ. ನನ್ನ ನೆರಳು ಕಂಡರೆ ಸಾಕು, ಒಂದು ಮೇಲೆ ಬಂದು ಬಾಯಿ ತೆರೆಯುತ್ತದೆ. ಇನ್ನೊಂದು ಕಾಳು ಹಾಕಿದರೂ ಕಲ್ಲಿನ ಹಿಂದಿನಿಂದ ಕದಲುವುದಿಲ್ಲ. ಕಾಯಿಲೆಯೇ? ಅಂಗಡಿಗೆ ಕೊಟ್ಟು ಬೇರೆ ತರಲೇ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಕೊಡಬೇಡಿ. ಕಂಕನಾಡಿಯಲ್ಲಿ ಇಪ್ಪತ್ತೆರಡು ವರ್ಷ ಬಣ್ಣದ ಮೀನು ಮಾರಿದವನು ನಾನು. ಗಿರಾಕಿಗಳು ಬೆರಳು ತೋರಿಸುತ್ತಿದ್ದುದು ಗಾಜಿಗೆ ಮೂತಿ ಒತ್ತಿ ನಿಂತ ಮೀನಿಗೇ. ಮೂಲೆಯದ್ದು ಅಂಗಡಿಯಲ್ಲೇ ಉಳಿಯುತ್ತಿತ್ತು. ಅಂಥದ್ದೊಂದನ್ನು ರೋಗಿಯೆಂದು ತಿಳಿದು ವಾರವಿಡೀ ಉಪ್ಪು ಹಾಕಿದ ನೀರಿನಲ್ಲಿಟ್ಟಿದ್ದೆ. ಪಾಪ, ನನ್ನೆದುರು ಒಂದು ಕಾಳನ್ನೂ ಮುಟ್ಟಲಿಲ್ಲ. ಒಂದು ರಾತ್ರಿ ದೀಪ ಆರಿಸಿ ಹೊರಟವನು ಮರೆತ ಕೊಡೆಗಾಗಿ ಮರಳಿ ಬಂದರೆ, ಅದು ತಳದಲ್ಲಿ ನಿರಾಳವಾಗಿ ಕಾಳು ಹೆಕ್ಕುತ್ತಿತ್ತು!

ಮೀನುಗಳಲ್ಲೂ ದಿಟ್ಟವು, ಅಂಜುಬುರುಕವು ಎಂಬ ಭೇದವಿದೆ. ಹೊಸ ತೊಟ್ಟಿಗೆ ಬಿಟ್ಟ ಟ್ರೌಟ್ ಮೀನುಗಳಲ್ಲಿ ಕೆಲವು ಬೇಗನೆ ತಿನ್ನತೊಡಗುತ್ತವೆ, ಕೆಲವು ದಿನಗಟ್ಟಲೆ ಉಪವಾಸ ಕೂರುತ್ತವೆ. ಗಾಬರಿಯಾದಾಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚು ಏರುವ ತಳಿಯವು ಈ ಎರಡನೆಯವು.

ಹಾಗೆಂದು ಮೊದಲು ತಿಂದದ್ದೇ ಜಾಣ ಮೀನಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮ ಬಾವಿಗಳಿಗೆ ಬಿಡುವ ಗಪ್ಪಿ ನಿಮಗೆ ಗೊತ್ತಲ್ಲ? ಅಮೆರಿಕದ ಜೀವವಿಜ್ಞಾನಿ ಲೀ ಡುಗಾಟ್ಕಿನ್ ಅವರು, ತಮ್ಮನ್ನು ತಿನ್ನುವ ಬೇಟೆಮೀನಿನ ಹತ್ತಿರ ಹೋಗಿ ನೋಡಿ ಬರುವ ಗಪ್ಪಿಗಳು, ದೂರವೇ ಇರುವವು, ನಡುವಿನವು ಎಂದು ವಿಂಗಡಿಸಿ, ಎಲ್ಲವನ್ನೂ ಬೇಟೆಮೀನಿನ ಜೊತೆಗೇ ಬಿಟ್ಟರು. 60 ಗಂಟೆಗಳಾದ ಮೇಲೆ ಅಂಜುಬುರುಕಗಳಲ್ಲಿ ನೂರಕ್ಕೆ 40 ಉಳಿದಿದ್ದವು, ನಡುವಿನವುಗಳಲ್ಲಿ 15. ದಿಟ್ಟವುಗಳಲ್ಲಿ ಒಂದೂ ಇರಲಿಲ್ಲ. ಇದು 1992ರಲ್ಲಿ ಪ್ರಕಟವಾದ ಪ್ರಯೋಗ. ನಿಮ್ಮ ತೊಟ್ಟಿಯಲ್ಲಿ ಬೇಟೆಮೀನಿಲ್ಲ ನಿಜ, ಅದು ಕಲ್ಲಿನ ಹಿಂದಿರುವ ಮೀನಿಗೆ ಹೇಗೆ ತಿಳಿಯಬೇಕು?

ದಿಟ್ಟ ಮೀನಿಗೆ ಒಂದು ಬದಿಯಲ್ಲಿ ತೇಲುವ ಕಾಳು ಹಾಕಿ, ಅದೇ ಹೊತ್ತಿಗೆ ಕಲ್ಲಿನ ಬಳಿ ಮುಳುಗುವ ಕಾಳು ನಾಲ್ಕು ಬಿಟ್ಟು ಅಲ್ಲಿಂದ ಹೊರಟುಬಿಡಿ. ನಿಂತು ನೋಡುವ ಆಸೆ ಬೇಡ. ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ, ಹಾಗಾಗಿ ಒಮ್ಮೆಗೆ ಚಿಟಿಕೆ ಸಾಕು.

ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದ್ದರೆ, ಬಾಯಿಗೆ ಹಾಕಿದ ಕಾಳನ್ನು ಉಗುಳುತ್ತಿದ್ದರೆ, ಅಥವಾ ನಿನ್ನೆಯವರೆಗೆ ಮುಂದೆ ಬರುತ್ತಿದ್ದ ಮೀನು ಇಂದು ಮೂಲೆ ಸೇರಿದ್ದರೆ ಆಗ ಚಿಂತಿಸಿ. ಮೊದಲು ಅನುಮಾನ ಪಡಬೇಕಾದದ್ದು ನೀರನ್ನು. ಕಾಲುಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟಿನಲ್ಲಿ ಹಿಡಿದಿಟ್ಟ ನಳ್ಳಿ ನೀರು ತುಂಬಿಸಿ.