ಛಲ ಅಂದ್ರೆ ಮೋಸಾನಾ?

ಪ್ರಶ್ನೆ: ಮೋಸ, ವಂಚನೆ ಎರಡೂ ಒಂದೇನಾ ಸಾರ್? (ಬೇಲೂರು)

ಒಂದೇ. ಬಾಯಲ್ಲಿ ಮೋಸ, ಪೊಲೀಸ್ ಕಂಪ್ಲೇಂಟಲ್ಲಿ ವಂಚನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮೂರ ಹುಡ್ಗೀರ ಕಬಡ್ಡಿ ಟೀಮಿನ ಟೀ ಶರ್ಟ್ ಮೇಲೆ ‘ಛಲ’ ಅಂತ ಪ್ರಿಂಟ್ ಹಾಕ್ಸೋಣ ಅಂತಿದ್ವಿ. ಒಬ್ರು ಬಂದು ಛಲ ಅಂದ್ರೆ ಮೋಸ, ಪಂಪ ದುರ್ಯೋಧನಂಗೆ ಹೇಳಿರೋದೂ ಅದೇ ಅರ್ಥದಲ್ಲಿ ಅಂದ್ರು. ಹೌದಾ? (ಚನ್ನರಾಯಪಟ್ಟಣ)

ಹಾಕ್ಸಿ, ದಪ್ಪ ಅಕ್ಷರದಲ್ಲೇ ಹಾಕ್ಸಿ. ಈ ಪ್ರಶ್ನೆ ಬಂದಾಗೆಲ್ಲಾ ನಂಗೆ ಸಿಟ್ಟು ಬರುತ್ತೆ, ನಿಮ್ಮ ಮೇಲಲ್ಲ, ಅರ್ಧ ಓದ್ಕೊಂಡು ಹುಡ್ಗೀರ ಉತ್ಸಾಹಕ್ಕೆ ತಣ್ಣೀರು ಎರಚೋರ ಮೇಲೆ.

ಸಂಸ್ಕೃತದಲ್ಲಿ ಛಲ ಅಂದ್ರೆ ಮೋಸಾನೇ, ಅದನ್ನ ಯಾರೂ ಇಲ್ಲ ಅನ್ನಲ್ಲ. ಗೀತೆಯ 10ನೇ ಅಧ್ಯಾಯದಲ್ಲಿ ಕೃಷ್ಣ ‘ದ್ಯೂತಂ ಛಲಯತಾಮಸ್ಮಿ’ ಅಂತಾನೆ, ಮೋಸಗಾರರಲ್ಲಿ ನಾನು ಜೂಜು ಅಂತ. ನ್ಯಾಯಶಾಸ್ತ್ರದೋರು, ಅಂದ್ರೆ ಕೋರ್ಟಿನೋರಲ್ಲ, ಹಳೇ ಕಾಲದ ತರ್ಕ ಪಂಡಿತರು, ಮಾತು ತಿರುಚಿ ವಾದ ಗೆಲ್ಲೋದಕ್ಕೂ ಛಲ ಅಂತಲೇ ಹೆಸರಿಟ್ರು; ಒಬ್ಬ ‘ಇವನದು ನವಕಂಬಳ’ ಅಂತಾನೆ, ಹೊಸ ಕಂಬಳಿ ಅಂತ ಅವನ ಅರ್ಥ, ಎದುರಿನವನು ‘ಒಂಬತ್ತೆಲ್ಲಿದೆ, ಇರೋದು ಒಂದೇ ಅಲ್ವಾ’ ಅಂತ ಜಗಳಕ್ಕೆ ನಿಲ್ತಾನೆ, ನವ ಅಂದ್ರೆ ಹೊಸದೂ ಹೌದು ಒಂಬತ್ತೂ ಹೌದು. ಆದ್ರೆ ಅದೇ ಪದ ಕನ್ನಡಕ್ಕೆ ಬಂದು ಹಿಡಿದ ಪಟ್ಟು ಬಿಡದ ಗುಣ ಆಗಿ ಸಾವಿರ ವರ್ಷ ದಾಟಿದೆ.

ಪಂಪನ ಪದ್ಯಾನ ಪೂರ್ತಿ ಓದಿ. ‘ಛಲದೊಳ್ ದುರ್ಯೋಧನಂ, ನನ್ನಿಯೊಳಿನತನಯಂ, ಗಂಡಿನೊಳ್ ಭೀಮಸೇನಂ’ ಅಂತ ಶುರುವಾಗುತ್ತೆ. ಕರ್ಣಂಗೆ ಸತ್ಯ, ಭೀಮಂಗೆ ಗಂಡುತನ, ಧರ್ಮರಾಯಂಗೆ ಧರ್ಮ, ಒಬ್ಬೊಬ್ರಿಗೆ ಒಂದೊಂದು ದೊಡ್ಡ ಗುಣ ಕೊಟ್ಟು ಕೊನೇಲಿ ಇವರಿಂದಲೇ ಭಾರತ ಲೋಕಪೂಜ್ಯ ಅಂತಾನೆ. ಆ ಸಾಲಿನ ತಲೆಗೇ ಮೋಸಾನ ತಂದು ಕೂರಿಸ್ತಾನಾ? ಪಗಡೇಲಿ ಮೋಸ ಆಗಿದ್ದು ನಿಜ, ಪಂಪ ಇಲ್ಲಿ ಹೇಳ್ತಿರೋದು ಅದನ್ನಲ್ಲ. ತಮ್ಮಂದ್ರು ಹೋದ್ರು, ಕರ್ಣ ಹೋದ, ಆದ್ರೂ ಸಂಧಿಗೆ ಒಪ್ಪಲ್ವಲ್ಲ, ಅದನ್ನ.

ಇನ್ನೂ ಅನುಮಾನ ಇದ್ರೆ ಒಂದು ಭಾನುವಾರ ಟೀಮಿನೋರನ್ನೆಲ್ಲಾ ಕರ್ಕೊಂಡು ಶ್ರವಣಬೆಳಗೊಳಕ್ಕೆ ಹೋಗಿ, ನಿಮ್ಮ ತಾಲ್ಲೂಕೇ. 982ರಲ್ಲಿ ಅಲ್ಲಿ ಸಲ್ಲೇಖನ (ಊಟ ಬಿಟ್ಟು ಪ್ರಾಣ ಬಿಡೋ ಜೈನರ ವ್ರತ) ಮಾಡಿ ತೀರಿಕೊಂಡ ರಾಷ್ಟ್ರಕೂಟರ ನಾಲ್ಕನೇ ಇಂದ್ರನ ಶಾಸನ ಚಿಕ್ಕಬೆಟ್ಟದ ಮೇಲಿದೆ, ಅವನ ಬಿರುದುಗಳಲ್ಲಿ ಚಲದಂಕಕಾರ, ಅಂದ್ರೆ ಛಲದ ವೀರ, ಅನ್ನೋದೂ ಒಂದು (ಹಳಗನ್ನಡದಲ್ಲಿ ಛಲಾನ ಚಲ ಅಂತಲೂ ಬರೀತಿದ್ರು). ಮೋಸಗಾರ ಅಂತ ರಾಜಂಗೆ ಯಾರಾದ್ರೂ ಬಿರುದು ಕೆತ್ತುತಾರಾ? ಬಸವಣ್ಣ ಅಂತೂ ‘ಛಲಬೇಕು ಶರಣಂಗೆ ಪರಧನವನೊಲ್ಲೆನೆಂಬ’ ಅಂದ್ರು, ಬೇರೆಯವರ ದುಡ್ಡು ಬೇಡ ಅನ್ನೋದಕ್ಕೇ ಛಲ ಬೇಕು ಅಂತ.

ಒಂದು ಎಚ್ಚರ ಮಾತ್ರ ಇರ್ಲಿ. ಉತ್ತರದ ಕಡೆ ಟೂರ್ನಮೆಂಟಿಗೆ ಹೋಗೋದಿದ್ರೆ ಈ ಪದಾನ ಹಿಂದಿ ಲಿಪೀಲಿ ಹಾಕ್ಸ್‌ಬೇಡಿ, ಅಲ್ಲಿನೋರು ಮೋಸ ಅಂತಲೇ ಓದ್ಕೋತಾರೆ.

ಪ್ರಶ್ನೆ: ‘ಛ’ ಅಕ್ಷರದ ಹೆಸರಿಟ್ರೆ ದುಡ್ಡು ನಿಲ್ಲಲ್ಲ ಅಂತ ಹೆಸರು ನೋಡೋರು ಹೇಳಿದ್ರು, ಎರಡು ಸಾವಿರ ತಗೊಂಡ್ರು. ನಿಜಾನಾ? (ಕಡೂರು)

ಶುದ್ಧ ಸುಳ್ಳು. ಮಂಕುಬೂದಿ ಎರಚೋದು ಅಂತಾರಲ್ಲ, ಇದೇ. ದುಡ್ಡು ವಾಪಸ್ ಕೇಳಿ.