ಹಿಡಿಕೆಯಿರುವ ನೇರಳೆ ಡಬ್ಬಿ: ಸಂಪಾದಕರ ಉತ್ತರ

ನೀರ್ಚಾಲಿನಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಗೇಮ್‌ಕ್ಯೂಬ್ ಎಂಬ ಹಳೆಯ ವಿಡಿಯೊ ಗೇಮ್ ಯಂತ್ರವನ್ನು ಎರಡು ಪುಟ ಹೊಗಳಿದ್ದೀರಿ. ಬೆಂಗಳೂರಿನಲ್ಲಿರುವ ಮಗನನ್ನು ಕೇಳಿದೆ. ಅದು ಸಣ್ಣ ಮಕ್ಕಳ ಆಟಿಕೆ, ಮಾರುಕಟ್ಟೆಯಲ್ಲಿ ಮಕಾಡೆ ಮಲಗಿದ್ದು ಎಂದ. ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳು ಸಿಗದಿರುವ ಈ ಹೊತ್ತಿನಲ್ಲಿ ಕನ್ನಡ ಪತ್ರಿಕೆಗೆ ಬರೆಯಲು ಇದೇ ಸಿಕ್ಕಿತೇ? ಆ ಜಾಗದಲ್ಲಿ ತಾಳಮದ್ದಳೆಯ ಬಗ್ಗೆ ಬರೆಸಬಹುದಿತ್ತು. ಹೀಗೇ ಆದರೆ ಚಂದಾ ನಿಲ್ಲಿಸಬೇಕಾದೀತು."

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ನಿಮ್ಮ ಕೈಬರಹ ಕಂಡು ಹೊಟ್ಟೆಕಿಚ್ಚಾಯಿತು. ಆ ಲೇಖನ ಬರೆಸಿದವನು ನಾನೇ. ಆದ್ದರಿಂದ ಬೈಗುಳವನ್ನು ಲೇಖಕರಿಗೆ ದಾಟಿಸದೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಲೆಕ್ಕದಲ್ಲಿ ನಿಮ್ಮ ಮಗ ತಪ್ಪು ಹೇಳಿಲ್ಲ. ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್ 2001ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಅಂಗಡಿಗಳಿಗೆ ಬಂತು. ಅದರ ಇಡೀ ಆಯುಷ್ಯದಲ್ಲಿ ಮಾರಾಟವಾದದ್ದು ಸುಮಾರು 2.17 ಕೋಟಿ. ಅದೇ ಕಾಲದ ಪ್ಲೇಸ್ಟೇಷನ್ 2 ಹೋದದ್ದು 15 ಕೋಟಿಗೂ ಮೇಲೆ. ಈ ವ್ಯಾಪಾರಕ್ಕೆ ಆಗಷ್ಟೇ ಕಾಲಿಟ್ಟ ಎಕ್ಸ್‌ಬಾಕ್ಸ್ ಕೂಡ ಗೇಮ್‌ಕ್ಯೂಬ್‌ಗಿಂತ ಒಂದು ಹೆಜ್ಜೆ ಮುಂದಿತ್ತು. ತಲೆ ಎಣಿಸಿ ಯೋಗ್ಯತೆ ಅಳೆಯುವ ಈ ವಾದ ಕಾಸರಗೋಡಿನ ಕನ್ನಡಿಗರೊಬ್ಬರ ಪತ್ರದಲ್ಲಿ ಬಂದದ್ದು ಮಾತ್ರ ನನಗೆ ಸೋಜಿಗ.

ಗೇಮ್‌ಕ್ಯೂಬ್ ಯಾಕೆ ಹಿಂದೆ ಬಿತ್ತು? ಕಸುವಿಗೇನೂ ಕೊರತೆ ಇರಲಿಲ್ಲ. ರೆಸಿಡೆಂಟ್ ಈವಿಲ್ 4 ಎಂಬ, ಸಣ್ಣ ಮಕ್ಕಳಿಗೆ ಖಂಡಿತ ತೋರಿಸಬಾರದ ಆಟ 2005ರ ಜನವರಿಯಲ್ಲಿ ಮೊದಲು ಬಂದದ್ದು ಇದೇ 'ಆಟಿಕೆ'ಗೆ. ಕೆಲವು ತಿಂಗಳ ಬಳಿಕ ಅದನ್ನು ಪ್ಲೇಸ್ಟೇಷನ್ 2ಕ್ಕೆ ಇಳಿಸುವಾಗ ಚಿತ್ರದ ಅಂದವನ್ನೂ ಇಳಿಸಬೇಕಾಯಿತು. ಪೆಟ್ಟು ಬಿದ್ದದ್ದು ಬೇರೆ ಕಡೆ. ಗೇಮ್‌ಕ್ಯೂಬ್‌ನ ಡಿಸ್ಕ್ ಅಂಗೈಯಷ್ಟು, ಎಂಟು ಸೆಂಟಿಮೀಟರ್. ಅದರೊಳಗೆ ಸಿನಿಮಾದ ಡಿವಿಡಿ ಹಾಕಲು ಬರುತ್ತಿರಲಿಲ್ಲ. ಪ್ಲೇಸ್ಟೇಷನ್ 2ರಲ್ಲಿ ಬರುತ್ತಿತ್ತು. ಮಗನಿಗೆ ಆಟ, ಅಪ್ಪನಿಗೆ ಸಿನಿಮಾ, ಒಂದೇ ಖರ್ಚು. ಗೃಹಸ್ಥರು ಯಾವುದನ್ನು ಕೊಂಡಾರು ಎಂದು ನಿಮಗೆ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ 2001ರ ನವೆಂಬರ್‌ನಲ್ಲಿ ಒಂದರ ಬೆಲೆ 199 ಡಾಲರ್, ಇನ್ನೊಂದರದ್ದು 299. ಆ ನೂರು ಡಾಲರ್ ಉಳಿತಾಯವೂ ಗೇಮ್‌ಕ್ಯೂಬ್ ಅನ್ನು ಕಾಪಾಡಲಿಲ್ಲ.

ಮತ್ತೆ ಅದರ ರೂಪ. ಬುತ್ತಿಯ ಡಬ್ಬಿಯಂಥ ನೇರಳೆ ಬಣ್ಣದ ಚೌಕ, ಅಗಲ 15 ಸೆಂಟಿಮೀಟರ್, ಹಿಂಭಾಗದಲ್ಲಿ ಎತ್ತಿಕೊಳ್ಳಲು ಹಿಡಿಕೆ. ಆ ಹಿಡಿಕೆಯನ್ನು ನೋಡಿ ನಕ್ಕವರು ಅಷ್ಟಿಷ್ಟಲ್ಲ. ಹಿಡಿಕೆ ಇರುವುದು ಇನ್ನೊಬ್ಬರ ಮನೆಗೆ ಒಯ್ಯಲಿಕ್ಕೆ, ಮುಂದೆ ಕಂಟ್ರೋಲರ್ ಸಿಕ್ಕಿಸುವ ನಾಲ್ಕು ತೂತುಗಳಿರುವುದು ನಾಲ್ಕು ಜನ ಒಟ್ಟಿಗೆ ಕೂರಲಿಕ್ಕೆ ಎಂಬುದು ನಮ್ಮ ಮನೆಯಲ್ಲಿ ಅರ್ಥವಾದದ್ದು 2004ರ ಆಟಿ ತಿಂಗಳಲ್ಲಿ. ದುಬೈಯಲ್ಲಿದ್ದ ಭಾವ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಅದನ್ನು ಸುತ್ತಿ ತಂದಿದ್ದರು. ಬದಿಯಡ್ಕದ ಮಳೆ, ಅಂಗಳಕ್ಕೆ ಇಳಿಯುವಂತಿಲ್ಲ. ಕರೆಂಟು ಹೋದರೆ ಏಳು ವರ್ಷದ ಅಳಿಯ ಹಿಡಿಕೆ ಹಿಡಿದು, ಕೊಡೆ ಹಿಡಿಯಲು ನನ್ನನ್ನು ಕರೆದುಕೊಂಡು, ಇನ್‌ವರ್ಟರ್ ಇದ್ದ ಪಕ್ಕದ ಮನೆಗೆ ಹೊರಡುತ್ತಿದ್ದ.

ನನ್ನ ತಾಯಿಗೆ ಆಗ ಅರುವತ್ತೆಂಟು. ಚೆನ್ನೆಮಣೆಯ ಏಳೇಳು ಗುಳಿಗಳಲ್ಲಿ ನಮ್ಮನ್ನೆಲ್ಲ ಸೋಲಿಸಿ ದಣಿದಿದ್ದ ಕೈ. ಆ ಕೈಗೆ ಹುಡುಗ ಕಂಟ್ರೋಲರ್ ಕೊಟ್ಟ. ಅದರ ಗುಂಡಿಗಳನ್ನು ನೀವು ಒಮ್ಮೆ ನೋಡಬೇಕು. ನಡುವೆ ದೊಡ್ಡದೊಂದು ಹಸಿರು ಗುಂಡಿ, ಪಕ್ಕದಲ್ಲಿ ಪುಟ್ಟ ಕೆಂಪು, ಸುತ್ತ ಗೇರುಬೀಜದಂತೆ ಬಾಗಿದ ಬೂದು ಬಣ್ಣದ ಎರಡು. ಯಾವುದು ಮುಖ್ಯ ಎಂದು ಹೆಬ್ಬೆರಳಿಗೇ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರ ಓದಬೇಕಾಗಿಲ್ಲ.

ಆಡುತ್ತಿದ್ದದ್ದು ಮಾರಿಯೊ ಕಾರ್ಟ್ ಡಬಲ್ ಡ್ಯಾಶ್, 2003ರದ್ದು. ಗಾಡಿ ಓಡಿಸುವ ಪಂದ್ಯ, ಆದರೆ ಒಂದೊಂದು ಗಾಡಿಗೂ ಇಬ್ಬರು ಸವಾರರು. ಒಬ್ಬರು ಓಡಿಸುವುದು, ಇನ್ನೊಬ್ಬರು ಹಿಂದೆ ನಿಂತು ಎದುರಾಳಿಗಳ ದಾರಿಗೆ ಬಾಳೆಹಣ್ಣಿನ ಸಿಪ್ಪೆ, ಆಮೆಯ ಚಿಪ್ಪು ಎಸೆಯುವುದು. ಹುಡುಗ ಓಡಿಸಿದ, ಅಮ್ಮ ಹಿಂದೆ ನಿಂತರು. ಮೊದಲ ಸಂಜೆ ಅವರು ಸಿಪ್ಪೆ ಎಸೆಯಲು ಒಪ್ಪಲೇ ಇಲ್ಲ. "ದಾರಿಯಲ್ಲಿ ಸಿಪ್ಪೆ ಹಾಕಿದರೆ ಯಾರಾದರೂ ಜಾರಿ ಬಿದ್ದಾರು" ಎಂದರು. ಅದಕ್ಕೇ ಹಾಕುವುದು ಎಂದು ಅವನು ತಲೆ ಚಚ್ಚಿಕೊಂಡ. ಮೂರನೆಯ ಸಂಜೆ ಅಡುಗೆಮನೆಯಲ್ಲಿದ್ದ ನನಗೆ ಚಾವಡಿಯಿಂದ ಕೇಳಿಸಿದ್ದು ಇಷ್ಟು: "ಈಗ ಹಾಕಲೇ? ಆ ಗೊರಿಲ್ಲಾ ಹತ್ತಿರ ಬರಲಿ, ತಡಿ."

ಏಳು ವರ್ಷದವನೂ ಅರುವತ್ತೆಂಟು ವರ್ಷದವರೂ ಒಂದೇ ಗಾಡಿಯಲ್ಲಿ, ಯಾರೂ ಯಾರಿಗೂ ಬೇಕೆಂದೇ ಸೋತುಕೊಡದೆ ಆಡುವ ಆಟ ಕಟ್ಟುವುದು ಸುಲಭದ ಕೆಲಸವಲ್ಲ. ರಕ್ತ ಚಿಮ್ಮಿಸುವುದು ಅದಕ್ಕಿಂತ ಸುಲಭ. 'ಮಕ್ಕಳ ಆಟ' ಎಂಬ ಮಾತಿಗೆ ನನ್ನ ತಕರಾರು ಇಲ್ಲಿಯೇ. ಮಕ್ಕಳೂ ಆಡಬಹುದಾದದ್ದಕ್ಕೆಲ್ಲ ಆ ಹೆಸರಿಟ್ಟರೆ ಚೆನ್ನೆಮಣೆಯನ್ನೂ ಅಟ್ಟಕ್ಕೆ ಹಾಕಬೇಕಾಗುತ್ತದೆ.

ನೀವು ತಾಳಮದ್ದಳೆಯ ಮಾತೆತ್ತಿದಿರಿ, ನಾನು ವೇಷದ ಮಾತೆತ್ತುತ್ತೇನೆ. ಜೆಲ್ಡಾ ಸರಣಿಯ ಹೊಸ ಆಟ ನಿಜ ಮನುಷ್ಯರಂತೆ ಕಾಣುವ ಚಿತ್ರಗಳಲ್ಲಿ ಬರುತ್ತದೆ ಎಂದು ಅಭಿಮಾನಿಗಳು ಕಾದಿದ್ದರು. 2002ರ ಕೊನೆಗೆ ಬಂದ ವಿಂಡ್ ವೇಕರ್‌ನಲ್ಲಿ ನಾಯಕ ವ್ಯಂಗ್ಯಚಿತ್ರದ ಬಾಲಕನಂತೆ, ಮುಖದ ತುಂಬ ಕಣ್ಣು ಮಾಡಿಕೊಂಡು ನಿಂತಿದ್ದ. ಚಿತ್ರ ಮೊದಲು ಹೊರಬಿದ್ದಾಗಲೇ ಬೊಬ್ಬೆ ಎದ್ದಿತ್ತು. ಆ ಕಣ್ಣಿಗೆ ಕೆಲಸವಿತ್ತು ಎಂಬುದನ್ನು ಬೊಬ್ಬೆ ಹಾಕಿದವರು ಗಮನಿಸಲಿಲ್ಲ. ಕೋಣೆಯ ಮೂಲೆಯಲ್ಲಿ ಏನಾದರೂ ಇದ್ದರೆ ಹುಡುಗನ ನೋಟ ತಾನಾಗಿ ಆ ಕಡೆ ಹೊರಳುತ್ತದೆ, ಆಡುವವನು ಅದನ್ನು ಹಿಂಬಾಲಿಸಿ ಗುಟ್ಟು ಕಂಡುಕೊಳ್ಳುತ್ತಾನೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕುಳಿತು ಇದನ್ನು ನಾನು ನಿಮಗೆ ವಿವರಿಸಬೇಕೇ? ಬಣ್ಣದ ವೇಷದ ರಾಕ್ಷಸ ನಿಜವಾದ ಮನುಷ್ಯನಂತೆ ಕಾಣುವುದಿಲ್ಲ ಎಂದು ಯಾರೂ ಬಯಲಾಟದಿಂದ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಅಂದು 'ನಿಜ'ದಂತೆ ಕಂಡ ಎಷ್ಟೋ ಆಟಗಳು ಇಂದು ಮಂಕಾಗಿವೆ. ವಿಂಡ್ ವೇಕರ್‌ನ ಕಡಲು ನಿನ್ನೆ ಬಿಡಿಸಿದಂತಿದೆ.

ಇನ್ನು ಕನ್ನಡ ಶಾಲೆ. ಇದು ನಿಮ್ಮ ಪತ್ರದ ಗಟ್ಟಿ ಭಾಗ, ಸಲೀಸಾಗಿ ತಪ್ಪಿಸಿಕೊಳ್ಳಲಾರೆ. ನಮ್ಮ ಹುಡುಗನೂ ಇಂಗ್ಲಿಷ್ ಮಾಧ್ಯಮದವನೇ. ಭಾವ ತಂದ ಡಿಸ್ಕ್‌ಗಳಲ್ಲಿ ಅನಿಮಲ್ ಕ್ರಾಸಿಂಗ್ ಎಂಬುದೊಂದಿತ್ತು. ಪ್ರಾಣಿಗಳೇ ನೆರೆಹೊರೆಯಾಗಿರುವ ಒಂದು ಹಳ್ಳಿ, ಅಷ್ಟೇ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ನಮ್ಮ ಗಡಿಯಾರ ಓಡಿದಂತೆ ಅಲ್ಲಿಯದೂ ಓಡುತ್ತದೆ, ರಾತ್ರಿಯಾದರೆ ಅಂಗಡಿ ಮುಚ್ಚುತ್ತದೆ. ಕೆಲವು ದಿನ ಹೋಗದಿದ್ದರೆ ಕಳೆ ಬೆಳೆಯುತ್ತದೆ, ನೆರೆಯವರು ಎಲ್ಲಿ ಹೋಗಿದ್ದೆ ಎಂದು ಆಕ್ಷೇಪಿಸುತ್ತಾರೆ. ಅಂಗಡಿಯವನು ಮನೆ ಕಟ್ಟಿಕೊಟ್ಟು ಬಡ್ಡಿಯಿಲ್ಲದ ಸಾಲ ಬರೆದುಕೊಳ್ಳುತ್ತಾನೆ (ಅಂಥವನು ನಮ್ಮ ಪೇಟೆಯಲ್ಲಿ ಇದ್ದರೆ ವಿಳಾಸ ಕಳಿಸಿ). ನಾಲ್ವರು ಮನೆ ಮಾಡಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ ಆಡಬೇಕು. ಉಳಿದವರಿಗೆ ಅಲ್ಲಿನ ಅಂಚೆಯಲ್ಲಿ ಪತ್ರ ಹಾಕಿ, ಉಡುಗೊರೆ ಇಟ್ಟು ಬರಬೇಕು. ಇದನ್ನು ರೂಪಿಸಿದ ಕತ್ಸುಯಾ ಎಗುಚಿ ಚಿಬಾದ ತನ್ನ ಮನೆಯವರನ್ನು ಬಿಟ್ಟು ಕೆಲಸಕ್ಕಾಗಿ ಕ್ಯೋಟೋಗೆ ಬಂದವರು. ಬಿಟ್ಟು ಬಂದ ಮನೆ, ನೆರೆಹೊರೆಯ ನೆನಪೇ ಆಟದ ಬೇರು ಎಂದು ಅವರೇ ಹೇಳಿಕೊಂಡಿದ್ದಾರೆ. ಮನೆಗೊಬ್ಬರು ಗಲ್ಫ್‌ನಲ್ಲಿರುವ ನಮ್ಮೂರಿಗೆ ಇದು ಪರದೇಶದ ಕತೆಯೇ?

ಆ ಹಳ್ಳಿಯ ಕಪ್ಪೆ, ಬೆಕ್ಕುಗಳ ಮಾತೆಲ್ಲ ಇಂಗ್ಲಿಷ್. ಅಮ್ಮನಿಗೆ ಕನ್ನಡ, ತುಳು ಬಿಟ್ಟು ಬೇರೆ ಬಾರದು. "ಕಪ್ಪೆ ಏನು ಹೇಳುತ್ತದೆ?" ಎಂದು ಅವರು ಕೇಳುವುದು, ಇವನು ಕನ್ನಡದಲ್ಲಿ ಹೇಳುವುದು. ಅರ್ಧಂಬರ್ಧ ಹೇಳಿದರೆ ಬಿಡುತ್ತಿರಲಿಲ್ಲ. "ಅಷ್ಟು ಉದ್ದ ಬರೆದಿದೆ, ನೀನು ಇಷ್ಟೇ ಹೇಳಿದೆಯಲ್ಲ?" ಪದ ತೋಚದಾಗ ಅಮ್ಮನೇ ಕೊಡುತ್ತಿದ್ದರು. ಕಳೆ, ಹರಿಗೋಲು, ಹಂಗು ಎಂಬ ಪದಗಳು ಹುಡುಗನ ನಾಲಗೆಗೆ ಹತ್ತಿದ್ದು ಹಾಗೆ. ಇದರಿಂದ ಕನ್ನಡ ಶಾಲೆಯ ಒಂದು ಬೆಂಚೂ ತುಂಬುವುದಿಲ್ಲ, ಒಪ್ಪಿದೆ. ಆದರೆ ಆ ಮಳೆಗಾಲ ನಮ್ಮ ಚಾವಡಿಯಲ್ಲಿ ದಿನಕ್ಕೆ ಒಂದು ಗಂಟೆ ಅನುವಾದದ ತರಗತಿ ನಡೆಯಿತು.

ಯಂತ್ರದ ದೋಷಗಳು ಲೇಖನದಲ್ಲಿ ಬರಲಿಲ್ಲ, ಅದು ನನ್ನ ತಪ್ಪು, ಪುಟ ಸಾಲದೆ ಕತ್ತರಿಸಿದೆ. ಆಟವನ್ನು ಉಳಿಸಿಡಲು ಮೆಮೊರಿ ಕಾರ್ಡ್ ಬೇರೆ ಬೇಕು. ಲೂಯಿಗೀಸ್ ಮ್ಯಾನ್ಷನ್ ಎಂಬ ಆಟ ಚೆಂದವಾಗಿದೆ ಎನ್ನುವಷ್ಟರಲ್ಲಿ ಮುಗಿಯುತ್ತದೆ. ಇಂಟರ್‌ನೆಟ್ ಮೂಲಕ ಆಡುವ ಆಟಗಳು ಇರಲೇ ಇಲ್ಲ ಎನ್ನುವಷ್ಟು ಕಡಿಮೆ. ಮೂರನೆಯದನ್ನು ದೋಷವೆಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು.

ತಾಳಮದ್ದಳೆಯ ಲೇಖನ ಮುಂದಿನ ಸಂಚಿಕೆಗೆ ಸಿದ್ಧವಾಗಿದೆ, ನಾಲ್ಕು ಪುಟ. ಚಂದಾದ ವಿಚಾರ: ಪುಸ್ತಕ ನೋಡಿದೆ, ನಿಮ್ಮದು ಮುಂದಿನ ಬಿಸುವಿನವರೆಗೆ ಪಾವತಿಯಾಗಿದೆ. ಹಣ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಅಲ್ಲಿಯವರೆಗೆ ಓದಿ, ಬೈದು ಬರೆಯುತ್ತಿರಿ. ಕೈಬರಹದಲ್ಲೇ ಬರೆಯಿರಿ.

— ಸಂಪಾದಕ