ಬೇಸ್‌ಬಾಲ್‌ನಲ್ಲಿ ಸ್ಟಿರಾಯ್ಡ್ ತಗೊಂಡವರು ಅಷ್ಟು ವರ್ಷ ಸಿಕ್ಕಿಬೀಳಲಿಲ್ಲ ಯಾಕೆ?

ಟೆಸ್ಟೇ ಇರಲಿಲ್ಲ, ಸಿಕ್ಕಿಬೀಳೋದು ಎಲ್ಲಿಂದ? ಸ್ಟಿರಾಯ್ಡ್ ತಗೊಳ್ಳಬಾರದು ಅಂತ ಅಮೆರಿಕದ ಮೇಜರ್ ಲೀಗ್ ಕಮಿಷನರ್ 1991ರಲ್ಲೇ ಸುತ್ತೋಲೆ ಕಳಿಸಿದ್ದರು. ಆದರೆ ಆಟಗಾರರ ಯೂನಿಯನ್ ಒಪ್ಪದೆ ಟೆಸ್ಟ್ ಮಾಡುವ ಹಾಗಿರಲಿಲ್ಲ, ಹಾಗಾಗಿ ಅದು ಕಾಗದದಲ್ಲೇ ಉಳಿಯಿತು.

1998ರಲ್ಲಿ ಮಾರ್ಕ್ ಮೆಗ್ವೈರ್ ಅನ್ನೋ ಬ್ಯಾಟರ್ 70 ಹೋಮ್ ರನ್ (ನಮ್ಮ ಕ್ರಿಕೆಟ್ ಸಿಕ್ಸರ್ ಥರದ ಹೊಡೆತ) ಹೊಡೆದರಲ್ವಾ, ಆ ಸೀಸನ್‌ನಲ್ಲಿ ಅವರ ಲಾಕರ್‌ನಲ್ಲಿ ಆಂಡ್ರೋಸ್ಟೀನ್‌ಡಯೋನ್ (ದೇಹದೊಳಗೆ ಹೋಗಿ ಟೆಸ್ಟೋಸ್ಟೆರಾನ್ ಹಾರ್ಮೋನ್ ಆಗುವ ವಸ್ತು) ಬಾಟಲಿ ಕಣ್ಣಿಗೆ ಕಾಣುವ ಹಾಗೇ ಇತ್ತು, ಒಬ್ಬ ವರದಿಗಾರ ನೋಡಿ ಬರೆದ. ಒಲಿಂಪಿಕ್ಸ್‌ನಲ್ಲಿ ನಿಷೇಧವಿದ್ದ ವಸ್ತು, ಬೇಸ್‌ಬಾಲ್‌ನಲ್ಲಿ ಮಾತ್ರ ತಪ್ಪಲ್ಲ! ಬೈಸಿಕೊಂಡಿದ್ದು ಯಾರು ಗೊತ್ತಾ? ಆ ವರದಿಗಾರ.

2003ರಲ್ಲಿ ಹೆಸರು ಹೊರಬಿಡದೆ ಸರ್ವೆ ಥರ ಒಂದು ಟೆಸ್ಟ್ ಮಾಡಿದರು. ಶೇ. 5ಕ್ಕಿಂತ ಜಾಸ್ತಿ ಪಾಸಿಟಿವ್ ಬಂದರೆ ಮಾತ್ರ ಮುಂದೆ ಶಿಕ್ಷೆಯ ಟೆಸ್ಟ್ ಅಂತ ಷರತ್ತು. ಬಂತು. 2004ರಲ್ಲಿ ಶುರುವಾದಾಗಲೂ ಮೊದಲ ಸಲ ಸಿಕ್ಕವರಿಗೆ ಬರೀ ಚಿಕಿತ್ಸೆ, ಅಮಾನತು ಇಲ್ಲ. ಈಗ ಹಾಗಲ್ಲ: ಮೊದಲ ಸಲಕ್ಕೆ 80 ಪಂದ್ಯ, ಎರಡನೇ ಸಲಕ್ಕೆ 162, ಅಂದರೆ ಪೂರ್ತಿ ಸೀಸನ್, ಮೂರನೇ ಸಲಕ್ಕೆ ಆಜೀವ ನಿಷೇಧ.

ಆದರೂ ಟೆಸ್ಟ್ ಒಂದನ್ನೇ ನಂಬಿ ಕೂರೋಕಾಗಲ್ಲ. ಸ್ಟಾರ್ ಆಟಗಾರ ಅಲೆಕ್ಸ್ ರಾಡ್ರಿಗಸ್ 2014ರ ಇಡೀ ಸೀಸನ್ ಹೊರಗೆ ಕೂತಿದ್ದು ಟೆಸ್ಟ್‌ನಲ್ಲಿ ಫೇಲ್ ಆಗಿ ಅಲ್ಲ, ಆಟಗಾರರಿಗೆ ಇಂಥ ಔಷಧಿ ಕೊಡುತ್ತಿದ್ದ ಫ್ಲೋರಿಡಾದ ಒಂದು ಕ್ಲಿನಿಕ್‌ನ ದಾಖಲೆಗಳು ಹೊರಬಿದ್ದು.